ನನ್ನ ಆರ್ಗನ್ನು, ಆದಿಲಕ್ಷ್ಮಿಯ ಹುಳುಗಳು

ಬೆಂಗಳೂರಿನ ಹತ್ತಿರದ ನಮ್ಮೂರು ವಿಜಯಪುರದ ಕಾರ್ಯಕ್ರಮದಲ್ಲಿ ನನ್ನ ಹೆಂಡತಿಯ ಬಾಯಿಂದ ‘ಭೇಷ್’ ಅನ್ನಿಸದಿದ್ದರೆ ಈ ಜನ್ಮದಲ್ಲಿ ಇನ್ನು ಆರ್ಗನ್ನು ಮುಟ್ಟುವುದಿಲ್ಲ! ಇಂಥ ಭೀಷ್ಮಪ್ರತಿಜ್ಞೆಯನ್ನು ನಾನು ಮಾಡಿದ್ದು 1974ರಲ್ಲಿ, ಬಸ್ಸಿನ ಟಾಪಿನ ಮೇಲೆ, ಅದೇ ಆರ್ಗನ್ನನ್ನು ಬೀಳದಂತೆ ತಬ್ಬಿಕೊಂಡು ಕೂತಿದ್ದಾಗ.

ಆಗ ನಾನು ಬೆಂಗಳೂರಿನ ಒಂದು ರಾಕ್ ಬ್ಯಾಂಡಿನ ಆರ್ಗನ್ ವಾದಕ. ವಾದಕ ಅನ್ನುವುದಕ್ಕಿಂತ ಹಮಾಲ ಅಂದರೆ ಸರಿ. ಗಿಟಾರಿನವನು ಗಿಟಾರನ್ನು ಹೆಗಲಿಗೇರಿಸಿ ಸಿಳ್ಳೆ ಹಾಕುತ್ತ ಹೋಗಿಬಿಡುತ್ತಿದ್ದ. ನನ್ನ ಕರೆಂಟ್ ಆರ್ಗನ್ನಿನ ಪೆಟ್ಟಿಗೆ ಎತ್ತಲು ಇಬ್ಬರು ಬೇಕು. ಎರಡನೆಯವನು ಯಾವಾಗಲೂ ಟೀ ಕುಡಿಯಲು ಹೋಗಿರುತ್ತಿದ್ದ. ಕೋಲಾರ, ಊಟಿ, ಮದರಾಸು ಎಲ್ಲ ಸುತ್ತಿ ನನಗೆ ದಕ್ಕಿದ್ದು ಸೊಂಟನೋವು. ಮದುವೆಯಾಗಿ ವರ್ಷಗಳಾದರೂ ಆದಿಲಕ್ಷ್ಮಿ ನಾನು ಬಾರಿಸುವುದನ್ನು ಕೇಳಿರಲಿಲ್ಲ. ಈಗ ನಮ್ಮೂರಿನ ರೇಷ್ಮೆ ನೂಲು ತೆಗೆಯುವವರ ಸಂಘದ ವಾರ್ಷಿಕೋತ್ಸವಕ್ಕೇ ಕರೆ ಬಂದಿತ್ತು. ಒಂದು ಹಾಡಿನ ನಡುವೆ ನಾನೊಬ್ಬನೇ ಬಾರಿಸಬಹುದೆಂದು ಬ್ಯಾಂಡಿನ ನಾಯಕ ಡೆನ್ಜಿಲ್ ಅಪ್ಪಣೆ ಕೊಟ್ಟಿದ್ದ.

ವಾರ ಮುಂಚೆಯೇ ಪೆಟ್ಟಿಗೆ ಸಮೇತ ಮನೆಗೆ ಬಂದೆ. ಕಾಲಿಡಲು ಜಾಗವಿಲ್ಲ, ಎಲ್ಲಿ ನೋಡಿದರೂ ರೇಷ್ಮೆ ಹುಳುವಿನ ತಟ್ಟೆಗಳು.

“ಹುಳ ಹಣ್ಣಾಗವೆ. ಸೊಪ್ಪು ಬಿಟ್ಟು ಗೂಡು ಕಟ್ಟಕ್ಕೆ ಜಾಗ ಹುಡುಕ್ತಾ ಅವೆ. ಬೇಗ ಆರಿಸಿ ಬಿದಿರು ಚಂದ್ರಿಕೆಗೆ ಬಿಡಿ,” ಎಂದು ಆದಿಲಕ್ಷ್ಮಿ ಗೋಡೆಗೆ ಒರಗಿಸಿದ್ದ ಬಿದಿರಿನ ತಟ್ಟಿಯನ್ನು ತೋರಿಸಿ, ಒಂದು ತಟ್ಟೆಯನ್ನು ಕೈಗಿಟ್ಟಳು.

“ನಾನು ಕಲಾವಿದ ಕಣೇ. ದಣಿದು ಬಂದಿದೀನಿ.”

“ಹುಳಕ್ಕೆ ಅದೆಲ್ಲ ಗೊತ್ತಾಗಲ್ಲ. ಆರಿಸಿ.”

ತಂತಿಯೊಂದನ್ನು ಸರಿಮಾಡಲೆಂದು ಆರ್ಗನ್ನಿನ ಹಿಂಬದಿಯ ಹಲಗೆ ಬಿಚ್ಚಿಟ್ಟಿದ್ದೆ. ತಟ್ಟೆಯನ್ನು ಆರ್ಗನ್ನಿನ ಮೇಲಿಟ್ಟು ಆರಿಸತೊಡಗಿದವನು ಹಾಗೇ ಗೋಡೆಗೊರಗಿ ನಿದ್ದೆಹೋದೆ. ಎಚ್ಚರವಾದಾಗ ತಟ್ಟೆ ಅರ್ಧ ಖಾಲಿ. ಪುಣ್ಯಾತ್ಗಿತ್ತಿ ತಾನೇ ಆರಿಸಿಕೊಂಡಿದ್ದಾಳೆ ಎಂದುಕೊಂಡು, ಹಲಗೆಗೆ ಸ್ಕ್ರೂ ಬಿಗಿದು ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದೆ.

“ಈ ಚಂದ್ರಿಕೆ ಖಾಲಿ ಐತಲ್ಲ, ಹುಳ ಎಲ್ಲೋದ್ವು?” ಎಂದಳು ಸಂಜೆಗೆ.

“ಇಲಿ ತಿಂದಿರ್ಬೇಕು.”

ಪಕ್ಕದ ಮನೆ ಸೊಣ್ಣಮ್ಮನ ಬೆಕ್ಕು ಎರವಲು ಬಂತು. ಅದು ನನ್ನ ಪಾಲಿನ ಹಾಲು ಕುಡಿದು ಆರ್ಗನ್ನಿನ ಮೇಲೇ ಮಲಗಿತು. ಗೂಡು ಕಟ್ಟುವಾಗ ಸದ್ದಾಗಬಾರದೆಂದು ಆದಿಲಕ್ಷ್ಮಿ ನನ್ನನ್ನು ಅಭ್ಯಾಸಕ್ಕೂ ಬಿಡಲಿಲ್ಲ.

ವಾರ್ಷಿಕೋತ್ಸವದ ದಿನ ಅವಳು ಮುಂದಿನ ಸಾಲಿನಲ್ಲೇ ಕೂತಿದ್ದಳು. ಡೆನ್ಜಿಲ್ ಕಣ್ಣು ಮಿಟುಕಿಸಿದ. ನಾನು ಉದ್ದಗೂದಲು ಒದರಿ, ಹತ್ತೂ ಬೆರಳನ್ನು ಕೀಗಳ ಮೇಲೆ ಇಳಿಸಿದೆ. ಮುಕ್ಕಾಲು ಕೀಗಳು ಕೆಳಗಿಳಿಯಲೇ ಇಲ್ಲ. ಇಳಿದವುಗಳಲ್ಲಿ ಒಂದು ಮೇಲೇಳಲಿಲ್ಲ. ‘ಪೀ’ ಎಂದು ಒಂದೇ ಸಮನೆ ಅರಚತೊಡಗಿತು.

“ಏನ್ ಮ್ಯಾನ್ ಇದು?” ಎಂದ ಡೆನ್ಜಿಲ್.

ಪ್ಲಗ್ ಕಿತ್ತು ಹಲಗೆ ಬಿಚ್ಚಿದೆವು. ಕೀಗಳ ಅಡಿಯಲ್ಲಿ, ತಂತಿಗಳ ಸಂದಿಯಲ್ಲಿ, ತುಂಬಿ ತುಳುಕುವಷ್ಟು ಹಳದಿ ರೇಷ್ಮೆಗೂಡು!

ಸಂಘದ ಅಧ್ಯಕ್ಷ ವೆಂಕಟರಾಯಪ್ಪನವರು ವೇದಿಕೆ ಹತ್ತಿ, ಒಂದು ಗೂಡು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗಿನ ಹುಳು ಗಲಗಲ ಅಂದಿತು, ಗೂಡು ಚೆನ್ನಾಗಿ ಬಲಿತಿದೆ ಅನ್ನುವುದಕ್ಕೆ ಅದೇ ಗುರುತು. ಅವರ ಮುಖ ಅರಳಿತು. ಸಭೆಯ ಜನವೆಲ್ಲ ಸಾಲುಗಟ್ಟಿ ಬಂದು ಒಂದೊಂದು ಗೂಡು ಅಲ್ಲಾಡಿಸಿ ಕೇಳಿತು. ಅಂದು ಅವರು ಮನಸ್ಸಿಟ್ಟು ಕೇಳಿದ ಸಂಗೀತ ಅದೊಂದೇ.

“ಒಳ್ಳೇ ಗಟ್ಟಿ ಗೂಡು ಕಣಮ್ಮ. ಚಂದ್ರಿಕೇಲಿ ಕಟ್ಟಿದ್ದಕ್ಕಿಂತ ಇದೇ ವಾಸಿ,” ಎಂದರು ಅಧ್ಯಕ್ಷರು.

ಸೆರಗೊಡ್ಡಿ ಗೂಡು ತುಂಬಿಕೊಳ್ಳುತ್ತಿದ್ದ ಆದಿಲಕ್ಷ್ಮಿ ಒಂದನ್ನು ಒತ್ತಿ ನೋಡಿ “ಭೇಷ್” ಎಂದಳು. ಪ್ರತಿಜ್ಞೆಯೇನೋ ಈಡೇರಿತು. ನನಗೆ ಮಾತ್ರ ನಿಜಕ್ಕೂ ಸಾಕಾಗಿಹೋಗಿತ್ತು.

“ಇನ್ನು ಈ ಆರ್ಗನ್ನು ಮಾರಿಬಿಡ್ತೀನಿ ಕಣೇ,” ಎಂದೆ.

“ಯಾಕ್ರೀ ಮಾರ್ತೀರಾ?” ಎಂದು ಗಾಬರಿಯಿಂದ ತಡೆದಳು. ನನ್ನ ಎದೆ ಒಂದು ಗೇಣು ಉಬ್ಬಿತು.

“ಮುಂದಿನ ಬೆಳೆ ಹೊತ್ಗೆ ಇಂಥವೇ ಇನ್ನೆರಡು ತನ್ನಿ. ಕೆಟ್ಟೋಗಿರೋವಾದ್ರೂ ಪರ್ವಾಗಿಲ್ಲ.”