ಬೆಂಚು ಕೊಟ್ಟು ನಳ ಕೇಳಿದ್ದು

ಮನುಷ್ಯನಿಗೆ ತಾನು ದೊಡ್ಡವನು ಎಂಬ ಭ್ರಮೆ ಹುಟ್ಟಲು ದೊಡ್ಡ ಕಾರಣವೇನೂ ಬೇಕಾಗಿಲ್ಲ. ನನಗೆ ಒಂದು ಬೆಂಚು ಸಾಕಾಯಿತು. ರಾಜಕೀಯ ಪಕ್ಷಗಳು ದುಡ್ಡಿದ್ದವರ ಮಾತು ಮಾತ್ರ ಕೇಳುತ್ತವೆ ಎಂದು ನಾನು ಸಿಕ್ಕಸಿಕ್ಕಲ್ಲಿ ಭಾಷಣ ಬಿಗಿಯುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ದುಡ್ಡಿದ್ದವರ ಸಾಲಿನಲ್ಲಿ ನಾನಿಲ್ಲವಲ್ಲ ಎಂಬುದಷ್ಟೇ ನನ್ನ ತಕರಾರಾಗಿತ್ತು. ಎಂಬತ್ತರ ದಶಕದ ಕೊನೆಗೆ, ನಿಪ್ಪಾಣಿಯಲ್ಲಿ ಮಾಸ್ತರಿಕೆಯಿಂದ ನಿವೃತ್ತನಾಗಿ ಮನೆಯಲ್ಲಿ ಕೂತಿದ್ದಾಗ, ಆ ಸಾಲಿಗೆ ಸೇರುವ ಅವಕಾಶ ತಾನಾಗಿಯೇ ಬಾಗಿಲಿಗೆ ಬಂತು.

ಪುರಸಭೆಯ ಚುನಾವಣೆ. ನಮ್ಮ ವಾರ್ಡಿಗೆ ನಿಂತಿದ್ದ ಬಾಬುರಾಯರು ಬಂದು, "ಮಾಸ್ತರ, ನಿಮ್ಮ ಕಟ್ಟಿ ಮ್ಯಾಲ ನಮ್ಮ ಪಕ್ಷದ ಆಫೀಸ್ ಮಾಡೂಣ್ರಿ. ಕೂಡಾಕ ಒಂದ್ ಬೆಂಚ್ ಇದ್ರ ಸಾಕು" ಎಂದರು. ಬೆಂಚು ನಮ್ಮಲ್ಲಿತ್ತು, ಸಾಗವಾನಿಯದು, ನನ್ನ ಹೆಂಡತಿ ಪದ್ಮಾವತಿಯ ತವರುಮನೆ ಶೇಡಬಾಳದಿಂದ ಬಂದದ್ದು. ಅವಳು ನನ್ನನ್ನು ಒಳಗೆ ಕರೆದು, "ಬೆಂಚ್ ತಗೊಳ್ಳಲಿ. ಆದ್ರ ನಳಾ ನಮ್ಮ ಬಾಗಲಕ್ಕ ಬರಬೇಕ ನೋಡ್ರಿ. ಈ ಮೊಣಕಾಲ ತಗೊಂಡು ದಿನಾ ಬಾವಿಗೆ ಹೋಗಿ ನೀರ ತರೂದು ಇನ್ನ ನನ್ನ ಕೈಲೆ ಆಗೂದಿಲ್ಲ" ಎಂದಳು. ಆ ವರ್ಷ ನಮ್ಮ ಭಾಗಕ್ಕೆ ಒಂದು ಸಾರ್ವಜನಿಕ ನಳ ಬರುವುದಿತ್ತು. ಅದನ್ನು ಎಲ್ಲಿ ಹಾಕಬೇಕೆಂಬುದು ಗೆದ್ದವರ ಕೈಯಲ್ಲಿತ್ತು. "ಬೆಂಚ್ ಕೊಟ್ಟವರ ಮನಿ ಬಿಟ್ಟು ಮತ್ತೆಲ್ಲಿ ಹಾಕ್ತಾರ?" ಎಂದು ನಾನು ಮೀಸೆ ತಿರುವಿದೆ. ನನಗೆ ಮೀಸೆಯಿಲ್ಲ; ತಿರುವಿದ್ದು ಮಾತ್ರ ನಿಜ.

ತಂಬಾಕಿನ ಸಾವುಕಾರರೊಬ್ಬರು ಪ್ರಚಾರಕ್ಕೆ ಜೀಪು ಕೊಟ್ಟಿದ್ದರು. ಅವರಿಗೆ ನಳ ತಮ್ಮ ಗೋದಾಮಿನ ಮುಂದೆ ಬೇಕಾಗಿತ್ತು. ನಾವಿಬ್ಬರೂ ಬೆಂಚಿನ ಮೇಲೆ ಕೂತು, ಪದ್ಮಾವತಿ ಮಾಡಿಕೊಟ್ಟ ಚಹಾ ಕುಡಿಯುತ್ತ, ಇನ್ನೂ ಬಾರದ ನಳಕ್ಕಾಗಿ ಜಗ್ಗಾಡುತ್ತಿದ್ದೆವು. ಜೀಪಿನಲ್ಲಿ ಆರು ಜನ ಕೂತರೆ ನನ್ನ ಬೆಂಚಿನಲ್ಲಿ ಏಳು ಜನ ಕೂಡುತ್ತಾರೆ ಎಂದು ವಾದಿಸಿದ್ದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಮ್ಮ ಮನೆಯ ಹಿಂದೆ ಬೀಡಿ ಕಟ್ಟುವ ಹೆಂಗಸರ ಓಣಿ. ಅವರು ಪಕ್ಷಕ್ಕೆ ಒಂದು ಕಪ್ ಚಹಾ ಸಹ ಕೊಟ್ಟವರಲ್ಲ. ಬಾಬುರಾಯರು ಕೈಮುಗಿದು ನಿಂತರೆ, ಮಡಿಲಲ್ಲಿ ಮೊರ ಇಟ್ಟುಕೊಂಡು ಕೂತ ಯಲ್ಲೂಬಾಯಿ ಎಲೆ ಸುತ್ತುವ ಕೈ ನಿಲ್ಲಿಸದೆ, "ನಮ್ಮ ಓಣಿಗೆ ನಳಾ ಬೇಕ್ರಿ ಅಣ್ಣಾ. ವೋಟಿಂದು ನೋಡೂಣ್ರಿ" ಎನ್ನುತ್ತಿದ್ದಳು. ಎದುರು ಪಕ್ಷದವರಿಗೂ ಅದೇ ಮಾತು. ಓಣಿಗೆ ಓಣಿಯೇ "ನೋಡೂಣ್ರಿ" ಅನ್ನುತ್ತಿತ್ತು. ಎಂಥ ಸೊಕ್ಕಿನ ಜನ ಎಂದು ನನಗೆ ಸಿಟ್ಟು ಬರುತ್ತಿತ್ತು. ಬಾಬುರಾಯರು ಮಾತ್ರ ಆ ಓಣಿಗೆ ದಿನಕ್ಕೆರಡು ಸಲ ಹೋಗಿ ಬರುತ್ತಿದ್ದರು; ಬಂದಮೇಲೆ ಮುಂದಿಟ್ಟ ಅವಲಕ್ಕಿಯನ್ನು ಮುಟ್ಟುತ್ತಿರಲಿಲ್ಲ. ಮತದಾನದ ದಿನ ನಾನು ಬೆಂಚನ್ನು ಶಾಲೆಯ ಹತ್ತಿರ ಹೊರಿಸಿಕೊಂಡು ಹೋಗಿ, ಬೆಳಗಿನಿಂದ ಸಂಜೆಯವರೆಗೆ ಅದರ ಮೇಲೆ ಕೂತು ಬಂದವರಿಗೆಲ್ಲ ಚೀಟಿ ಬರೆದುಕೊಟ್ಟೆ. ಒಬ್ಬರೂ ತಪ್ಪಿಸಬಾರದು ಎಂದು ಹಳೆಯ ಮಾಸ್ತರನ ಗತ್ತಿನಲ್ಲಿ ಗದರಿಸಿ ಒಳಗೆ ಕಳಿಸಿದೆ. ಬಾಬುರಾಯರು ಗೆದ್ದರು.

ಎರಡು ತಿಂಗಳಿಗೆ ಪೈಪುಗಳು ಬಂದವು. ನಾನು ಬಾಗಿಲ ಮುಂದೆ ಸುಣ್ಣದಿಂದ ಗುಂಡಗೆ ಗುರುತು ಹಾಕಿಟ್ಟಿದ್ದೆ. ಅಗೆಯುವವರು ಅದನ್ನೂ ದಾಟಿ, ಸಾವುಕಾರರ ಗೋದಾಮನ್ನೂ ದಾಟಿ, ನೆಟ್ಟಗೆ ಬೀಡಿ ಓಣಿಗೆ ಹೋದರು. ನಾನು ಬಾಬುರಾಯರ ಮನೆಗೆ ಓಡಿದೆ.

"ಆ ಓಣಿಯವರು ನಿಮಗ ಏನ್ ಕೊಟ್ಟಾರಂತ ಅವರಿಗೆ ನಳಾ?"

"ಏನೂ ಕೊಟ್ಟಿಲ್ರಿ, ಅದಕ್ಕ" ಎಂದು ಅವರು ನನ್ನನ್ನು ಕೂಡಿಸಿಕೊಂಡರು. "ಮಾಸ್ತರ, ನೀವು ನಮ್ಮವರು. ನಳಾ ಹಾಕಿದ್ರೂ ನಮ್ಮವರ, ಹಾಕದಿದ್ರೂ ನಮ್ಮವರ. ಸಾವ್ಕಾರ್ರು ನನಗೊಂದ್ ಜೀಪ್ ಕೊಟ್ರ, ಎದುರಿನವಂಗೂ ಒಂದ್ ಕೊಟ್ಟಿದ್ರು. ಯಾರ ಗೆದ್ರೂ ಅವರು ಗೆದ್ದಂಗ. ಆ ಓಣಿ ಐತೆಲ್ಲಾ, ಅದು ನನ್ನ ಗೆಲ್ಲಸ್ತೈತಿ, ಮನಸ್ಸ ಬಂದ್ರ ಮನಿಗೂ ಕಳಸ್ತೈತಿ. ಯಲ್ಲೂಬಾಯಿ 'ನೋಡೂಣ್ರಿ' ಅಂದ್ಲಂದ್ರ ನನಗ ಊಟಾ ಸೇರೂದಿಲ್ರಿ."

ಬಡವರ ಮೇಲಿನ ಪ್ರೀತಿಯಿಂದ ಅವರು ನಳ ಹಾಕಿಸಿದರೆಂದು ನಾನು ಹೇಳಲಾರೆ, ಹೆದರಿ ಹಾಕಿಸಿದರು. ಹಾಗೆಂದು ಅವರನ್ನು ಬೈಯಲು ನನಗೆ ಮುಖವಾದರೂ ಎಲ್ಲಿತ್ತು? ನನ್ನ ಮಗಳ ಮದುವೆಗೆ ವಾರ ಮೊದಲೇ ಬಂದು ಪಾತ್ರೆ ಹೊತ್ತ ತಮ್ಮನಿಗೆ ಕೊನೆಯ ಪಂಕ್ತಿಯಲ್ಲಿ ಬರೀ ಅನ್ನ ಸಾರು ಸಿಕ್ಕಿತ್ತು. "ಬರೂದು ನೋಡೂಣ" ಎಂದಿದ್ದ ಅಥಣಿಯ ಸೋದರಮಾವನಿಗೆ ನಾನೇ ಕಾರು ಕಳಿಸಿ, ಹೋಳಿಗೆಯ ಮೇಲೆ ಕೈಯಾರೆ ತುಪ್ಪ ಸುರಿದಿದ್ದೆ. ನಳಕ್ಕೆ ನೀರು ಬಂದ ದಿನ ಪದ್ಮಾವತಿ ಕೊಡ ಹಿಡಿದು ಕುಂಟುತ್ತ ಬೀಡಿ ಓಣಿಗೆ ಹೊರಟಾಗ ನನಗೆ ತುಂಬ ನಾಚಿಕೆಯಾಯಿತು. ಕೊಡ ನಾನೇ ತರುತ್ತೇನೆ ಎನ್ನುವ ಬುದ್ಧಿ ಮಾತ್ರ ಬರಲಿಲ್ಲ.

ಅವಳು ದಿನಾ ಅಲ್ಲಿ ಪಾಳಿ ಹಚ್ಚಿ ಕೂತು ನೀರನ್ನಷ್ಟೇ ತರಲಿಲ್ಲ. ಮುಂದಿನ ಚುನಾವಣೆಗೆ, ಅಂದರೆ ತೊಂಬತ್ತರ ದಶಕದಲ್ಲಿ, ಬಾಬುರಾಯರು ಮತ್ತೆ ಬೆಂಚು ಕೇಳಲು ಬಂದಾಗ ಅವಳು ಅದರ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

"ವೈನಿ, ಬೆಂಚ್ ಕೊಡ್ತೀರೇನ್ರಿ? ವೋಟ್ ಅಂತೂ ನಮಗ ಐತಿ ಬಿಡ್ರಿ" ಎಂದರು ಬಾಬುರಾಯರು.

"ಎರಡೂ ನೋಡೂಣ್ರಿ" ಎಂದಳು, ಅಕ್ಕಿಯಿಂದ ಕಣ್ಣೆತ್ತದೆ. ನಾನು ಆಗಲೇ ಬೆಂಚಿನ ಒಂದು ತುದಿಗೆ ಕೈ ಹಾಕಿದ್ದೆ.

ವಾರದೊಳಗೆ ಪುರಸಭೆಯ ಇಬ್ಬರು ಟೇಪು ಹಿಡಿದು ಬಂದು ನಮ್ಮ ಬಾಗಿಲ ಮುಂದೆ ಅಳತೆ ಮಾಡಿಕೊಂಡು ಹೋದರು. ವಿದ್ಯೆ ಇಷ್ಟು ಸುಲಭವೇ ಎಂದು ನನಗೂ ಆಸೆಯಾಯಿತು. ಬಾಬುರಾಯರು ಮತ್ತೆ ಬಂದಾಗ ಕಟ್ಟೆಯ ಮೇಲೆ ಎದೆಯುಬ್ಬಿಸಿ ನಿಂತು, "ನನ್ನ ವೋಟಿಂದೂ ಈ ಸಲ ನೋಡೂಣ್ರಿ" ಎಂದೆ. ಅವರು ಹೆದರಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮಾಸ್ತರ, ಹೋದ ಸಲ ವೋಟ್ ಹಾಕಿದವರ ಯಾದಿ ನಾ ನೋಡೇನ್ರಿ. ಊರಿಗೆಲ್ಲಾ ಚೀಟಿ ಬರದುಕೊಟ್ಟು ನೀವ ಒಳಗ ಹೋಗೂದ ಮರತಿದ್ರಿ. ನಿಮ್ಮ ಚಿಂತಿ ನನಗಿಲ್ಲ. ವೈನಿ ಏನಂತಾರ, ಅಷ್ಟ ಕೇಳಿ ಬರ್ರಿ."

ನಿಜವೇ. ಆ ದಿನ ನನ್ನ ವೋಟು ನಾನು ಹಾಕಿರಲೇ ಇಲ್ಲ. ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದೆ. ತಲೆ ತಗ್ಗಿಸಿ ಅಡಿಗೆಮನೆಗೆ ಹೋಗಿ ಕೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು. ಹೊರಗಿನ ಮಾತೆಲ್ಲ ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು.

"ಮೊದಲ ಹೋಗಿ ಒಂದ್ ಕೊಡಾ ನೀರ ತರ್ರಿ" ಎಂದಳು. "ಆಮ್ಯಾಲ ನೋಡೂಣ."

ನಾನು ಕೊಡ ಎತ್ತಿಕೊಂಡು, ಬಾಬುರಾಯರ ಮುಂದೆಯೇ ಹಾದು, ಬೀಡಿ ಓಣಿಗೆ ಹೊರಟೆ.