ಹುಪರಿಯ ಬೆಳ್ಳಿ ಕಡಾ

ನಮ್ಮ ಕಾಕಾನನ್ನು ಪೊಲೀಸರು ಎಂದಾದರೂ ವಿಚಾರಣೆಗೆ ಕರೆದೊಯ್ದರೆ ನನಗೆ ಕಾಕಾನ ಚಿಂತೆಯಿಲ್ಲ, ಪೊಲೀಸರದೇ ಚಿಂತೆ! ಅರ್ಧ ಗಂಟೆಯಲ್ಲಿ ಫೌಜದಾರನೇ ತನ್ನ ಊರು, ಮನೆತನ, ಬೀಗರ ಜಗಳ, ಮೂಲವ್ಯಾಧಿ ಎಲ್ಲವನ್ನೂ ಒಪ್ಪಿಕೊಂಡು ಕೂತಿರುತ್ತಾನೆ. ಕಾಕಾ ಅಂದರೆ ನಮ್ಮಪ್ಪನ ತಮ್ಮ. ಇಚಲಕರಂಜಿಯಲ್ಲಿ ಮಗ್ಗದ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಗಿರಾಕಿ ಒಂದು ನಟ್ಟು ಕೇಳಿದರೆ ಇವನು ಹತ್ತು ಪ್ರಶ್ನೆ ಕೇಳುತ್ತಾನೆ. ಎಷ್ಟೋ ಜನ ನಟ್ಟಿನ ಆಸೆಯನ್ನೇ ಬಿಟ್ಟು ಹೋಗಿದ್ದಾರೆ.

ಇಂಥವನ ಅಂಗಡಿಯ ಎದುರಿಗೇ ಒಬ್ಬ ಸರ್ದಾರ್ಜಿ ಬಂದು ಲಾರಿ ಸಾಮಾನಿನ ಅಂಗಡಿ ತೆರೆದರೆ ಏನಾಗಬೇಡ? ನೀಲಿ ಪಗಡಿ, ಎದೆಯುದ್ದ ಗಡ್ಡ, ಕೈಯಲ್ಲಿ ಕಡಾ ಎಂಬ ಹೊಳೆಯುವ ಬಳೆ. ಕಾಕಾನಿಗೆ ಆ ದಿನ ಊಟ ಸೇರಲಿಲ್ಲ. ಮರುದಿನ ಇದ್ದಬಿದ್ದ ಹಿಂದಿಯನ್ನೆಲ್ಲ ಒಟ್ಟುಮಾಡಿಕೊಂಡು ರಸ್ತೆ ದಾಟಿದ.

"ಆಪ್ ಪಂಜಾಬ್ ಮೆ ಕೌನ್ಸೆ ಗಾಂವ್ ಕಾ ಹೈ ಜಿ?"

"ಇಲ್ಲೇ ಗಡಹಿಂಗ್ಲಜದಾಂವ್ರಿ ನಾ," ಎಂದರು ಸರ್ದಾರ್ಜಿ. "ನಮ್ಮಪ್ಪ ಅಲ್ಲೇ ಗ್ಯಾರೇಜ್ ಹಾಕಿದ್ದ. ಮಗ್ಗಲ ಊರು ನೇಸರಿ ಹಾಲ ಕುಡದ ಬೆಳದೇನಿ. ಬರ್ರಿ ಕಾಕಾ, ಕುಂದರ್ರಿ."

'ಕುಂದರ್ರಿ' ಅಂದದ್ದೇ ತಪ್ಪಾಯಿತು ನೋಡಿ. ಅಂದು ಕೂತ ಕಾಕಾ ಇನ್ನೂ ಪೂರ್ತಿ ಎದ್ದಿಲ್ಲ!

ಮೊದಲ ಪ್ರಶ್ನೆ ಕೂದಲಿನದು. ಯಾಕೆ ಕತ್ತರಿಸುವುದಿಲ್ಲ?

"ದೇವರ ಕೊಟ್ಟದ್ದು, ಕೊಟ್ಟಾಂಗ ಇಟ್ಗೋಬೇಕಂತ ಗುರುಗಳ ಹುಕುಂ ಐತ್ರಿ. ದಿನಾ ಹಣಗಿಲೇ ಬಾಚ್ಕೋತೇವಿ, ಮ್ಯಾಲ ಪಗಡಿ ಸುತ್ತತೇವಿ."

ನಾವು ಜೈನರು. ಕಾಕಾನಿಗೆ ನಮ್ಮ ಕಡೆಯ ಸುದ್ದಿ ಹೇಳದೆ ಇರಲಾದೀತೆ? "ನಮ್ಮ ಮುನಿಗಳೂ ಕತ್ರಿ ಮುಟ್ಟಂಗಿಲ್ರಿ. ಆದ್ರ ತಲಿದು, ಗಡ್ಡದ್ದು ಎಲ್ಲಾ ಕೂದಲಾ ತಮ್ಮ ಕೈಲೇ ಕಿತ್ತ ಒಗೀತಾರ."

ಸರ್ದಾರ್ಜಿಯ ಎರಡೂ ಕೈಗಳು ತಾವಾಗಿಯೇ ಪಗಡಿಯ ಮೇಲೆ ಹೋದವು.

ಇನ್ನೊಂದು ದಿನ ಕಾಕಾ ಕೇಳಿದ, "ನಿಮ್ಮ ಗುಡ್ಯಾಗ ಮೂರ್ತಿ ಯಾವುದ್ರಿ?"

"ಮೂರ್ತಿ ಇಲ್ರಿ. ದೇವರು ಒಬ್ಬನ, ಅವಗ ಆಕಾರ ಇಲ್ಲ. ಗ್ರಂಥಸಾಹೇಬನ ನಮ್ಮ ಗುರು. ಮುಂಜಾನೆ ಗುರುವನ್ನ ಸಿಂಹಾಸನಕ್ಕ ತರತೇವಿ, ರಾತ್ರಿ ಹಾಸಿಗಿ ಮ್ಯಾಲ ಮಲಗಸ್ತೇವಿ."

ಕಾಕಾ ಮನೆಗೆ ಬಂದವನೇ ಹೆಂಡತಿಗೆ, ಅಂದರೆ ನಮ್ಮ ಕಾಕುವಿಗೆ, ಹೇಳಿದ, "ಅವರಲ್ಲಿ ಗ್ರಂಥಕ್ಕೂ ಹಾಸಿಗಿ ಐತಿ. ಇಲ್ಲಿ ನನಗ ಸೋಫಾ!" ಗೊರಕೆಯ ಕಾರಣಕ್ಕೆ ಕಾಕು ಅವನನ್ನು ಕೋಣೆಯಿಂದ ಹೊರಕ್ಕೆ ಹಾಕಿದ್ದಳೆಂಬುದನ್ನು ಸರ್ದಾರ್ಜಿಗೆ ಅವನು ಹೇಳಿರಲಿಲ್ಲವಂತೆ.

ಬೆಳಕು ಹರಿಯುವ ಮೊದಲೇ ಎದ್ದು, ಸ್ನಾನ ಮಾಡಿ ಪ್ರಾರ್ಥನೆಯ ಪಾಠ ಓದುತ್ತೇವೆ, ಸಂಜೆ ಒಂದು, ಮಲಗುವಾಗ ಒಂದು ಎಂದು ಸರ್ದಾರ್ಜಿ ಹೇಳಿದರು. ಕಾಕಾ ಸುಮ್ಮನೆ ನಂಬುವ ಪೈಕಿಯೇ? ಬೆಳಗಿನ ಜಾವ ಹೋಗಿ ಅವರ ಮನೆಯ ಬಾಗಿಲಿಗೆ ಕಿವಿ ಹಚ್ಚಿ ನಿಂತ. ಹಾಲಿನವನು ಕಳ್ಳನೆಂದು ಬೊಬ್ಬೆ ಹೊಡೆದ. ಬಾಗಿಲು ತೆರೆದ ಸರ್ದಾರ್ಜಿ ಬೈಯಲಿಲ್ಲ. ಕಾಕಾನ ತಲೆಗೆ ಕರ್ಚೀಫು ಕಟ್ಟಿಸಿ, ಒಳಗೆ ಕೂರಿಸಿಕೊಂಡು, ಉಳಿದ ಪಾಠ ಮುಗಿಸಿದರು.

"ತಿಳೀತೇನ್ರಿ ಕಾಕಾ?"

"ಒಂದ ಅಕ್ಷರಾನೂ ಇಲ್ಲ. ಆದ್ರ ನಾ ನಮ್ಮ ಣಮೋಕಾರ ಮಂತ್ರ ಹೇಳೂ ಮುಂದ ಒಳಗ ಹೆಂಗ ಆಕ್ಕೈತಿ, ಹಂಗ ಆತು."

ಅಲ್ಲಿಂದ ಇಬ್ಬರದೂ ಗಟ್ಟಿ ದೋಸ್ತಿ. ನಾನಕ ಜಯಂತಿ ಬಂತು. ಕಾಕಾನಿಗೆ ಸಂಭ್ರಮವೋ ಸಂಭ್ರಮ! ಯಾರಿಗೂ ಹೇಳದೆ, ಬೆಳ್ಳಿ ಕೆಲಸಕ್ಕೆ ಹೆಸರಾದ ಹುಪರಿಗೆ ಹೋದ. ಪರಿಚಯದ ಕುಶಲಕರ್ಮಿಯ ಮನೆಯಲ್ಲಿ ಕೂತು, ಅವನ ತಲೆ ತಿಂದು, ಬಳ್ಳಿ, ನವಿಲು ಕೆತ್ತಿಸಿದ ಬೆಳ್ಳಿಯ ಕಡಾ ಮಾಡಿಸಿಕೊಂಡು ಬಂದ. ನಮಗೆಲ್ಲ ತೋರಿಸಿ ಕುಣಿದ. ಸರ್ದಾರ್ಜಿಯ ಕೈಗಿಟ್ಟಾಗ ನಾನೂ ಪಕ್ಕದಲ್ಲೇ ಇದ್ದೆ.

ಅವರು ತಿರುಗಿಸಿ ತಿರುಗಿಸಿ ನೋಡಿದರು. "ಭಾಳ ಛಂದ ಐತ್ರಿ. ಆದ್ರ ನನ್ನ ಕಡಾ ತಗದು ಇದನ್ನ ಹಾಕ್ಕೊಳಾಕ ಬರಂಗಿಲ್ರಿ ಕಾಕಾ. ಅದು ಕಬ್ಬಿಣದ್ದ ಇರಬೇಕು. ಸಾವ್ಕಾರನ ಕೈಯಾಗೂ ಅದ, ಹಮಾಲನ ಕೈಯಾಗೂ ಅದ."

ಏನೆಲ್ಲ ಕೇಳಿದ್ದ ಮನುಷ್ಯ! ಆ ಕಡಾ ಯಾವ ಲೋಹದ್ದು ಎಂಬ ಒಂದು ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ. ಹುಪರಿಯ ಮಗ್ಗುಲಲ್ಲಿ ಬೆಳೆದವರಿಗೆ ಕೈಯಲ್ಲಿ ಹೊಳೆಯುವುದೆಲ್ಲ ಬೆಳ್ಳಿಯೇ.

ಬೆಳ್ಳಿಯ ಕಡಾವನ್ನು ಅವರ ಕೈಯಲ್ಲೇ ಬಿಟ್ಟು ಬಂದ ಕಾಕಾ ಅವತ್ತಿನಿಂದ ರಸ್ತೆ ದಾಟಲಿಲ್ಲ. "ಅವರ ಧರ್ಮಾನ ಹುಪರಿಗೆ ಒಯ್ದ ಪಾಲಿಶ್ ಮಾಡಸ್ಕೊಂಡ ಬಂದೆ. ಇನ್ನ ಯಾವ ಮಾರಿ ತಗೊಂಡ ಹೋಗ್ಲಿ?" ಎಂದ. ಗಿರಾಕಿಗಳಿಗೆ ಕೇಳಿದ ಕೂಡಲೇ ನಟ್ಟು ಸಿಗತೊಡಗಿತು. ಅವರು ಹೆದರಿದರು. ಕಾಕು ಡಾಕ್ಟರಿಗೆ ತೋರಿಸೋಣವೆಂದಳು. ಇದ್ದ ಒಬ್ಬ ಗೆಳೆಯನನ್ನು ತಾನೇ ಕಳೆದುಕೊಂಡೆನೆಂದು ಕಾಕಾ ಒಳಗೊಳಗೇ ಕೊರಗುತ್ತಿದ್ದ.

ಒಂದು ಭಾನುವಾರ ಸರ್ದಾರ್ಜಿಯೇ ಕಾರು ತಂದು ಮನೆಯ ಮುಂದೆ ನಿಲ್ಲಿಸಿದರು. "ಹತ್ರಿ ಕಾಕಾ, ಕೊಲ್ಹಾಪುರಕ್ಕ ಹೋಗೂದೈತಿ." ನಾನೂ ಹಿಂದಿನ ಸೀಟಿನಲ್ಲಿ ತೂರಿಕೊಂಡೆ.

ಗುರುದ್ವಾರದಲ್ಲಿ ಕಾಕಾ ತಾನಾಗಿಯೇ ತಲೆಗೆ ಕರ್ಚೀಫು ಕಟ್ಟಿಕೊಂಡ. ಒಳಗೆ ಒಬ್ಬರು ಗ್ರಂಥಸಾಹೇಬಕ್ಕೆ ಬಿಳಿಯ ಚೌರಿ ಬೀಸುತ್ತಿದ್ದರು, ನಮ್ಮ ಬಸದಿಯಲ್ಲಿ ಚಾಮರ ಬೀಸುವ ಹಾಗೆಯೇ. ಅದರ ಹಿಡಿಕೆಯ ಸುತ್ತ ಬೆಳ್ಳಿಯ ಪಟ್ಟಿ. ಪಟ್ಟಿಯ ಮೇಲೆ ಬಳ್ಳಿ, ನವಿಲು!

ಸರ್ದಾರ್ಜಿ ಮೆಲ್ಲಗೆ ಹೇಳಿದರು, "ನನ್ನ ಕೈಗೆ ಬರಂಗಿಲ್ಲ ಅಂದಿದ್ದೆ. ಗುರುವಿನ ಸೇವಾಕ್ಕ ಬರಂಗಿಲ್ಲ ಅಂದಿದ್ನೇನ್ರಿ?"

ಬೀಸುತ್ತಿದ್ದವರು ಚೌರಿಯನ್ನು ಕಾಕಾನ ಕೈಗೆ ಕೊಟ್ಟರು. ಕಾಕಾ ಏನೂ ಕೇಳಲಿಲ್ಲ, ಬೀಸಿದ. ಬಸದಿಯಲ್ಲಿ ಬೀಸಿ ಪಳಗಿದ ಕೈ.

ಹಿಂತಿರುಗುವಾಗ ಹಾತಕಣಂಗಲೆ ಬಂತು. ಕಾಕಾ ಕೇಳಿದ, "ಅಲ್ರಿ, ನಾ ಇಷ್ಟ ಕೇಳತೇನಿ. ನಿಮಗ ತ್ರಾಸ ಆಗಂಗಿಲ್ಲೇನ್ರಿ?"

ಸರ್ದಾರ್ಜಿ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ಸಣ್ಣಾಂವ ಇದ್ದಾಗಿಂದ ಎಲ್ಲಾರೂ ನನ್ನ ನೋಡ್ಕೋತ ಬಂದಾರ್ರಿ ಕಾಕಾ. ಕುಂತ ಕೇಳಿದಾವ್ರು ನೀವೊಬ್ಬರ."

ಕಾಕಾ ಕಿಟಕಿಯ ಕಡೆ ಮುಖ ತಿರುಗಿಸಿದ. ತಲೆಗೆ ಕಟ್ಟಿದ್ದ ಕರ್ಚೀಫನ್ನು ಆಗ ಬಿಚ್ಚಿ, ಕಣ್ಣಿಗೆ ಒತ್ತಿಕೊಂಡ.