ಅರ್ಧ ಕೆಜಿ ಹಾಸಿಗೆ

ಮೂರು ತಲೆಮಾರಿನಿಂದ ಅರಕಲಗೂಡಿನವರನ್ನು ಸುಖವಾಗಿ ಮಲಗಿಸುತ್ತ ಬಂದ ಮನೆತನಕ್ಕೆ ಇಂಥ ಅವಮಾನ ಆಗಬಾರದಿತ್ತು. ಹತ್ತಿ ಹಾಸಿಗೆ ಅಂಗಡಿಯ ಗೌರೀಶಂಕರನ ಧರ್ಮಪತ್ನಿ ಆನ್‌ಲೈನಿನಲ್ಲಿ ಹಾಸಿಗೆ ತರಿಸಿದ್ದಳು!

ಅದೂ ಎಂಥದ್ದು? ಎಳೆ ಸೋರೆಕಾಯಿ ಗಾತ್ರದ ಒಂದು ಸುರುಳಿ. ಬಿಚ್ಚಿ ಊದಿದರೆ ಮೂರು ಬೆರಳು ದಪ್ಪ. ಗೌರೀಶಂಕರ ಅದನ್ನು ಅಂಗಡಿಯ ತಕ್ಕಡಿಗೆ ಹಾಕಿದ. ನಾನೂರ ಎಂಬತ್ತು ಗ್ರಾಂ.

“ಅರ್ಧ ಕೆಜಿನೂ ಇಲ್ವಲ್ಲೇ! ಹಾಸಿಗೆ ಅಂದ್ರೆ ಇಬ್ರು ಹೊರಬೇಕು ಕಣೆ. ಇದ್ರೊಳಗೆ ಏನೈತೆ?”

“ಗಾಳಿ. ಜೊತೆಗೊಂದು ಬೆಳ್ಳಿ ಬಣ್ಣದ ಹಾಳೆ. ಹಿಮದಲ್ಲಿ ಮಲಗಿದ್ರೆ ಚಳಿ ನೆಲದಿಂದ ಏರುತ್ತೆ ಕಣ್ರೀ. ಇದು ಶಾಖ ಕೊಡಲ್ಲ, ನಮ್ಮ ಮೈ ಶಾಖ ನೆಲಕ್ಕೆ ಸೋರಿ ಹೋಗ್ದಂಗೆ ತಡೀತದೆ, ಅಷ್ಟೇ,” ಎಂದಳು ನೇತ್ರಾ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಗಂಡನಿಗೂ ಒಂಬತ್ತನೇ ಕ್ಲಾಸಿನ ದನಿಯಲ್ಲೇ ಹೇಳುತ್ತಿದ್ದಳು.

ವಿಷಯ ಇಷ್ಟು: ಐವತ್ತೊಂದನೇ ವಯಸ್ಸಿನಲ್ಲಿ ನೇತ್ರಾ ಡಿಸೆಂಬರಿನ ಹಿಮಾಲಯ ಚಾರಣಕ್ಕೆ ಹೆಸರು ಕೊಟ್ಟಿದ್ದಳು. ಆರು ದಿನ, ಬೆನ್ನಿಗೆ ಚೀಲ, ಮಲಗಲು ಡೇರೆ. ಗೌರೀಶಂಕರನೋ, ಹೆಸರಿನಲ್ಲಿ ಗೌರಿ ಶಂಕರ ಇಬ್ಬರನ್ನೂ ಹೊತ್ತಿದ್ದರೂ ಹಿಮಾಲಯ ಇರುವ ದಿಕ್ಕಿಗೆ ತಲೆ ಹಾಕಿ ಮಲಗಿದವನೂ ಅಲ್ಲ. (ಉತ್ತರಕ್ಕೆ ತಲೆ ಹಾಕಬಾರದಲ್ಲ!) ‘ನೀನು ಹೋದರೆ ನನಗೆ ದಿಗಿಲು’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಗಂಡಸು ಹೇಳುತ್ತಾನೆಯೇ? ತಪ್ಪನ್ನು ಹಾಸಿಗೆಯ ಮೇಲೆ ಹೊರಿಸಿದ.

“ಪರೀಕ್ಷೆ ಮಾಡ್ಬುಡಾನ. ಹಾಸನದಲ್ಲಿ ನಮ್ಮ ಪರಿಚಯದೋರ ಆಲೂಗಡ್ಡೆ ಕೋಲ್ಡ್ ಸ್ಟೋರೇಜ್ ಐತೆ. ಒಳಗೆ ಮೂರೇ ಡಿಗ್ರಿ. ನಾನು ಮಲಗ್ತೀನಿ. ಚಳಿ ಹತ್ತಿದ್ರೆ ನೀನು ಓಗಂಗಿಲ್ಲ.”

ನೇತ್ರಾ ಯಾಕೋ ವಾದ ಮಾಡಲಿಲ್ಲ. “ಆಗ್ಲಿ,” ಎಂದಳು.

ಭಾನುವಾರ ಮಧ್ಯಾಹ್ನ ಇಬ್ಬರೂ ಹಾಸನಕ್ಕೆ ಹೋದರು. ಅಲ್ಲಿನ ಕಾವಲಿನ ಮಂಚಯ್ಯ ದಪ್ಪ ಬಾಗಿಲು ತೆಗೆದು, “ಬಿತ್ನೆ ಗೆಡ್ಡೆ ಬುಟ್ರೆ ಇಲ್ಲಿ ಇನ್ಯಾರೂ ಮನಗಿಲ್ಲ ಸಾ,” ಎಂದು ಎಚ್ಚರಿಸಿದ. (ಹೆಸರಿನಲ್ಲೇ ಮಂಚ ಇರುವವನು ಹಾಸಿಗೆಗೆ ಅಡ್ಡಮಾತು ಆಡಬಾರದಿತ್ತು.)

ಗೌರೀಶಂಕರನ ಯೋಜನೆ ಸರಳವಾಗಿತ್ತು: ಹತ್ತು ನಿಮಿಷ ಬಿದ್ದುಕೊಂಡು, ಹಲ್ಲು ಕಟಕಟಿಸುತ್ತ ಓಡಿ ಬರುವುದು. ಮಂಕಿಕ್ಯಾಪ್ ಎಳೆದು, ಕಂಬಳಿ ಹೊದ್ದು, ಮೂಟೆಗಳ ನಡುವೆ ಅಂಗಾತ ಮಲಗಿದ. ಪಕ್ಕದ ಸಿಮೆಂಟು ನೆಲಕ್ಕೆ ಅಂಗೈ ಒತ್ತಿದರೆ ಮೂಳೆಯವರೆಗೂ ಕೊರೆಯಿತು. ಬೆನ್ನಿಗೆ ಮಾತ್ರ ಏನೂ ತಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಮೈ ಬೆಚ್ಚಗಾಯಿತು. ಗಿರಾಕಿಯ ಕಾಟವಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ‘ಪರವಾಗಿಲ್ಲ, ಒಳ್ಳೇ ಮಾಲು’ ಎಂದು ಒಳಗಿನ ವ್ಯಾಪಾರಿ ಒಪ್ಪಿಕೊಂಡದ್ದೇ ಅವನ ಕೊನೆಯ ನೆನಪು.

ಅರ್ಧ ಗಂಟೆಯಾದರೂ ಗಂಡ ಬರದಿದ್ದಾಗ ನೇತ್ರಾ ಗಾಬರಿಯಿಂದ ಬಾಗಿಲು ತೆಗೆಸಿದಳು. ಗೊರಕೆಗೆ ಆಲೂಗಡ್ಡೆ ಮೂಟೆಗಳೂ ಎಚ್ಚರಗೊಂಡಿದ್ದವು.

ಹೊರಗೆ ಬಿಸಿಲು ಬಿದ್ದ ಕಟ್ಟೆಯ ಮೇಲೆ ಇಬ್ಬರೂ ಟೀ ಲೋಟ ಹಿಡಿದು ಕೂತರು. ನೇತ್ರಾ ಮಂಡಿ ನೀವಿಕೊಂಡಳು.

“ಒಂದ್ಮಾತು ಹೇಳ್ಲಾ? ಹದಿನೈದು ದಿನದಿಂದ ನಂಗೇ ಭಯ ಕಣ್ರೀ. ಮೆಟ್ಲು ಹತ್ತಿದ್ರೆ ಮಂಡಿ ನೋವು. ಸ್ಟಾಫ್ ರೂಮಲ್ಲೆಲ್ಲ ಜಂಬ ಕೊಚ್ಕಂಡಿದೀನಿ, ಈಗ ಹೆಂಗೆ ಹೋಗಲ್ಲ ಅನ್ಲಿ? ನೀವು ನಡುಗ್ತಾ ಬಂದ್ರೆ, ‘ನಮ್ಮೆಜಮಾನ್ರು ಬಿಡ್ಲಿಲ್ಲ’ ಅಂದ್ಬುಡಾನ ಅಂತಿದ್ದೆ. ನೀವು ಗೊರಕೆ ಹೊಡೆದ್ಬುಟ್ರಿ.”

ಗೌರೀಶಂಕರ ಲೋಟ ಕೆಳಗಿಟ್ಟ.

“ಈಗ್ಲೂ ನೀವು ಬ್ಯಾಡ ಅಂದ್ರೆ ಹೋಗಲ್ಲ,” ಎಂದಳು, ನೆಲ ನೋಡುತ್ತ.

ತಿಂಗಳಿಂದ ಕಾದಿದ್ದ ಮಾತು ತಾನಾಗಿ ಬಂದು ಅಂಗೈ ಮೇಲೆ ಕೂತಿತ್ತು. ಒಂದು ‘ಬ್ಯಾಡ’ ಸಾಕು. ಆದರೆ ಪಾರ್ಸೆಲ್ ಬಂದ ದಿನ ಇವಳು ಅದನ್ನು ನಡುಮನೆಯಲ್ಲಿ ಹಾಸಿ, ಚಿಕ್ಕ ಹುಡುಗಿಯ ಹಾಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳಿದ್ದು ಕಣ್ಣಿಗೆ ಕಟ್ಟಿತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಬೆಳಗಿನ ಬಸ್ಸು, ಸಂಜೆಯ ಒಲೆ ಎಂದು ಓಡಿದವಳು ತನಗಾಗಿ ಬಯಸಿದ್ದು ಇದೊಂದೇ.

“ಓಗ್ಬುಟ್ಟು ಬಾ,” ಎಂದ. “ಮಂಡಿಗೆ ಪಟ್ಟಿ ತರಾನ. ದಿನಾ ಸಂಜೆ ಕೆರೆ ಏರಿ ಮೇಲೆ ನಾನೂ ನಿನ್ ಜೊತೆ ನಡೀತೀನಿ. ಎದರ್ಕೋಬೇಡ.”

ಇಷ್ಟು ಉದಾರವಾದ ಮಾತು ತನ್ನ ಬಾಯಿಂದಲೇ ಬಂತಲ್ಲ ಎಂದು ಅವನಿಗೇ ಹೆಮ್ಮೆಯಾಯಿತು. ಹೆಂಡತಿ ಕಣ್ಣೊರೆಸಿಕೊಳ್ಳುವುದನ್ನು ಕಾಯುತ್ತ ಕೂತ.

ನೇತ್ರಾ ಹಣೆ ಚಚ್ಚಿಕೊಂಡಳು.

“ಬ್ಯಾಡ ಅಂತೀರ ಅನ್ನೋ ಧೈರ್ಯದ ಮೇಲೆ ಕೇಳ್ದೆ ಕಣ್ರೀ! ಇಪ್ಪತ್ತಾರು ವರ್ಷಕ್ಕೆ ಒಂದೇ ಒಂದ್ಸಲ ದೊಡ್ಡ ಮನಸ್ಸು ಮಾಡಿದ್ರಿ. ಅದನ್ನ ಇವತ್ತೇ ಮಾಡ್ಬೇಕಿತ್ತಾ?”